ಶ್ರೀಮಾನ್ ಗುರುಪಾದಯ್ಯನವರ ಹೆಸರಿಗೆ ಹೋದ ಕರಡಿಗೆ

ಆದೋನಿ
17 ಜೂನ್ 2024

ತಂಗಿ ಗಂಗೋತ್ರಿಗೆ ನಿಮ್ಮಣ್ಣ ತಿಪ್ಪೇಶನ ಆಶೀರ್ವಾದ.

ಗಾಬರಿ ಆಗಬ್ಯಾಡ, ಯಾರೂ ಸತ್ತಿಲ್ಲ. ಈಗಿನ ಕಾಲದಾಗ ಮನಿಗೆ ಕಾಗದ ಬಂತು ಅಂದ್ರ ಬ್ಯಾಂಕಿನೋರು ಬರದಿರಬೇಕು, ಇಲ್ಲಾಂದ್ರ ಕೋರ್ಟಿನೋರು. ಇದು ನಾನೇ. ನಿನ್ನ ಫೋನಿಗೆ ಮಾಡಿದಾಗೆಲ್ಲ ಯಾವಾಕಿನೋ ಒಬ್ಬಾಕಿ ಬಂದು ತೆಲುಗಿನಾಗ ನಂಬರ್ ಬಿಜೀ ಅಂತಾಳ. ಮೂರು ವರ್ಷದಿಂದ ಆಕಿ ಜೋಡಿನೇ ಮಾತಾಡಾಕ ಹತ್ತೀನಿ, ನಿಮ್ಮತ್ತಿಗಿಗೆ ಅನುಮಾನ ಬಂದೈತಿ. ನಿನ್ನ ಯಜಮಾನರು ನನ್ನ ನಂಬರಿಗೆ ಬೀಗ ಹಾಕ್ಯಾರ ಅಂತ ಗೊತ್ತು. ಕಾಗದಕ್ಕ ಬೀಗ ಹಾಕಾಕ ಬರಂಗಿಲ್ಲ. ಹರಿದು ಒಗೀಬೇಕಂದ್ರೂ ಮೊದಲು ಒಡದು ನೋಡ್ಲೇಬೇಕು.

ವಿಷಯ ಇಷ್ಟೇ. ಅಪ್ಪನ ಬೆಳ್ಳಿ ಕರಡಿಗಿ ನಿನಗ ಮುಟ್ಟಿತೇನು?

ಯುಗಾದಿ ಆದ ವಾರದಾಗ ರಿಜಿಸ್ಟರ್ ಪೋಸ್ಟಿನಾಗ ಕಳಿಸೀನಿ. ಅಪ್ಪನ ಲಿಂಗ ಅಪ್ಪನ ಜೋಡಿ ಮಣ್ಣಿಗೆ ಹೋತು, ಲಿಂಗ ಇಡೋ ಕರಡಿಗಿ ಉಳೀತು. "ಇದು ಗಂಗೋತ್ರಿ ಮಗನ ಅಯ್ಯಾಚಾರಕ್ಕ" ಅಂತ ಅಪ್ಪ ಹೇಳಿದ್ದು ನೀನೂ ಕೇಳಿದ್ದಿ. ಸ್ವತಾ ತಂದು ಕೊಡೋಣು ಅಂದ್ರ ನಿಮ್ಮ ಹೊಸಲು ತುಳಿಬ್ಯಾಡ ಅಂತ ಹೇಳಿಸಿಕೊಂಡಾವ ನಾನು. ಅದಕ್ಕ ಪೋಸ್ಟು. ಹತ್ತಿ ಮಿಲ್ಲಿನಾಗ ದುಡಿಯೋನು ಹತ್ತಿ ಬಿಟ್ಟು ಇನ್ನೇನು ತುರುಕ್ತಾನ? ಹಳೇ ತುಪ್ಪದ ಡಬ್ಬ್ಯಾಗ ಹಿಂಜಿದ ಹತ್ತಿ ಇಟ್ಟು, ನಡುವ ಕರಡಿಗಿ ಮಲಗಿಸಿ, ಮ್ಯಾಲೆ ಬಿಳಿ ಬಟ್ಟಿ ಹೊಲಿಸೀನಿ. ಕೂಸಿಗೆ ಕುಂಚಗಿ ಹೊಲಿದಂಗ ಆಗಿತ್ತು.

ವಿಳಾಸಕ್ಕ ನಿನ್ನ ಯಜಮಾನರ ಹೆಸರು ಬರಿಯಾಕ ಧೈರ್ಯ ಆಗ್ಲಿಲ್ಲ. ಅಳಿಯನ ಹೆಸರಿಗೇ ಬರದೆ: "ಶ್ರೀಮಾನ್ ಗುರುಪಾದಯ್ಯನವರ ಸನ್ನಿಧಾನಕ್ಕೆ." ಎಂಟು ವರ್ಷದ ಹುಡುಗನ ಹೆಸರಿಗೆ ರಿಜಿಸ್ಟರ್ ಪೋಸ್ಟು ಬಂದ್ರ ಅವ ಹೆಂಗ ಕುಣೀತಾನ ಅಂತ ನೆನಸಿ ಪೋಸ್ಟಾಫೀಸಿನ ಮೆಟ್ಟಿಲ ಮ್ಯಾಲೆ ಒಬ್ಬನೇ ನಕ್ಕೆ. ಕಳಿಸಿದವರ ಜಾಗದಾಗ ಮಿಲ್ಲಿನ ವಿಳಾಸ ಹಾಕೀನಿ. ನಮ್ಮ ಓಣಿಗೆ ಪೋಸ್ಟಿನೋರು ಬರೋದು ಅಪರೂಪ, ಬಂದ್ರೂ ನಾಯಿ ಬಿಡಂಗಿಲ್ಲ.

ಈಗ ಮಿಲ್ಲು ಬಂದ್. ಹತ್ತಿ ಬರೋತನಕ ನಾನು ಜಂಬಪ್ಪನ ನಾಷ್ಟಾ ಅಂಗಡ್ಯಾಗ ಮಂಡಕ್ಕಿ ಉಗ್ಗಾನಿ ಕಲಸ್ತೀನಿ, ಮಿರ್ಚಿ ಕರೀತೀನಿ.

ಉತ್ತರ ಆ ಅಂಗಡಿ ವಿಳಾಸಕ್ಕ ಬರಿ. ಬೈದು ಬರದ್ರೂ ನಡೀತೈತಿ. ಅಕ್ಷರ ಮಾತ್ರ ದೊಡ್ಡದು ಮಾಡು, ನಾಕನೇ ಕ್ಲಾಸಿಗೆ ಸಾಲಿ ಬಿಟ್ಟಾವ ನಾನು.

ನಿಮ್ಮಣ್ಣ,
ತಿಪ್ಪೇಶ


ನಾಗಲದಿನ್ನೆ
1 ಜುಲೈ 2024

ಅಣ್ಣನಿಗೆ ಗಂಗೋತ್ರಿಯ ನಮಸ್ಕಾರ.

ನಿನ್ನ ಪತ್ರ ಬಂತು. ಕರಡಿಗೆ ಬಂದಿಲ್ಲ. ಪತ್ರಕ್ಕೆ ದಾರಿ ಗೊತ್ತಿದೆ, ಪೊಟ್ಟಣಕ್ಕೆ ಮಾತ್ರ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ?

ನಾನು ಮದುವೆಯಾಗಿ ಬಂದ ವರ್ಷ ನೀನು ದೊಡ್ಡದೊಂದು ಪೆಟ್ಟಿಗೆ ಕಳಿಸಿದ್ದೆ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಅತ್ತೆ, ಮಾವ, ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಕೊನೆಯ ಪೆಟ್ಟಿಗೆಯಲ್ಲಿ ಒಂದು ಶೇಂಗಾಕಾಯಿ ಇತ್ತು. ಆ ದಿನ ಎಲ್ಲರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಈಗಲೂ ನನಗೆ ಅದೇ ನೆನಪಾಗುತ್ತಿದೆ. ಕರಡಿಗೆ ಕಳಿಸಿಲ್ಲವಾದರೆ ಕಳಿಸಿಲ್ಲ ಎನ್ನು. ಮಾರಿದ್ದರೆ ಮಾರಿದೆ ಎನ್ನು. ಅಪ್ಪನ ವಸ್ತುವನ್ನು ಇಟ್ಟುಕೊಂಡು ತಮಾಷೆ ಬೇಡ.

ಕಾರ್ತಿಕದ ಕಡೆಯ ಸೋಮವಾರ ನಿನ್ನ ಅಳಿಯ ಮರಿಸಾಮಿಗೆ ಅಯ್ಯಾಚಾರದ ದೀಕ್ಷೆ. ಕರಡಿಗೆ ತವರಿನದೇ ಆಗಬೇಕೆಂದು ಅತ್ತೆ ಪಟ್ಟು ಹಿಡಿದಿದ್ದಾರೆ. ನಮ್ಮವರು ಒಪ್ಪಿದ್ದಾರೆ. ಆದರೆ ಒಂದು ಮಾತು ಹೇಳಿದ್ದಾರೆ. ಆ ಹೊತ್ತಿಗೆ ಬರದಿದ್ದರೆ ಎಮ್ಮಿಗನೂರಿನಿಂದ ಹೊಸದು ತರುತ್ತಾರಂತೆ, ಆಮೇಲೆ ತವರಿನ ಮಾತನ್ನು ಈ ಮನೆಯಲ್ಲಿ ಎತ್ತಬಾರದಂತೆ. ಅವರು ಹೇಳಿದ್ದನ್ನು ಮಾಡುವವರು.

ನಿನ್ನ ತಂಗಿ,
ಗಂಗೋತ್ರಿ


ಆದೋನಿ
9 ಜುಲೈ 2024

ತಂಗೀ,

ಶೇಂಗಾಕಾಯಿಗೆ ನೀನು ಅತ್ತಿದ್ದು ನನಗ ಇವತ್ತೇ ಗೊತ್ತಾಗಿದ್ದು. ನಗಿಸಾಕ ಅಂತ ಕಳಿಸಿದ್ದೆ, ನಕ್ಕೀರಿ ಅಂತಲೇ ತಿಳಿದಿದ್ದೆ.

ಅಪ್ಪನ ಆಣಿ, ಉರುಕುಂದಿ ಈರಣ್ಣನ ಆಣಿ, ಜಂಬಪ್ಪನ ಮಿರ್ಚಿ ಬಾಣಲಿ ಆಣಿ, ಕರಡಿಗಿ ಕಳಿಸೀನಿ. ಕಡೇ ಆಣಿ ಸುಡತೈತಿ, ಅದನ್ನ ಸುಮ್ಮನ ಮಾಡಂಗಿಲ್ಲ.

ನಿನ್ನ ಕಾಗದ ಓದಿದಾವ ಅಂಗಿ ಹಾಕ್ಕೊಂಡು ಸೀದಾ ಪೋಸ್ಟಾಫೀಸಿಗೆ ಹೋದೆ. ಕೌಂಟರಿನಾಗ ಹೇಮಾವತಿ ಮೇಡಂ ಅಂತ ಅದಾಳ. "ರಸೀದು ಏದಿ?" ಅಂದ್ಲು. ಕೊಟ್ಟೆ. ಆ ಕಡೆ ತಿರುವಿ ಈ ಕಡೆ ತಿರುವಿ ನೋಡಿ, "ಏಮಯ್ಯಾ, ಇದಿ ಉತ್ತ ತೆಲ್ಲ ಕಾಗಿತಂ" ಅಂದ್ಲು. ಖರೇನ, ಬರೀ ಬಿಳಿ ಕಾಗದ. ಗಾಡಿ ಡಿಕ್ಕ್ಯಾಗ ಇಟ್ಟಿದ್ದೆ, ಒಂದಕ್ಷರ ಉಳಿದಿಲ್ಲ. "ಕೊಡುವಾಗ ಅಕ್ಷರ ಇದ್ವು ಮೇಡಂ, ಆದೋನಿ ಬಿಸಿಲು ಓದಿ ಮುಗಿಸೈತಿ" ಅಂದೆ. ಆಕಿ ನಕ್ಕಳು. ಹಿಂದ ನಿಂತೋರೂ ನಕ್ಕರು.

ಅದೇ ನೋಡವ್ವ ನನ್ನ ಕಷ್ಟ. ನಾನು ಗೋಳಾಡಿದ್ರೂ ಜನ ನಗ್ತಾರ. ನಕ್ಕಮ್ಯಾಲೆ ಯಾರೂ ನಂಬಂಗಿಲ್ಲ. "ಬೆಳ್ಳಿದು ಮೇಡಂ, ಅಪ್ಪಂದು" ಅಂತ ಮತ್ತೊಮ್ಮೆ ಮೆಲ್ಲಗ ಹೇಳಿದೆ. ಆಗ ನನ್ನ ಮುಖ ನೋಡಿ ತಾರೀಕು ಕೇಳಿದ್ಲು, ಹುಡುಕಿ ನೋಡ್ತೀನಿ ಅಂದ್ಲು. ಪೊಟ್ಟಣ ನಿಮ್ಮೂರಿಗೆ ಹೋಗಿದ್ರ ನಿಮ್ಮೂರಿನ ಪೋಸ್ಟ್‌ಮ್ಯಾನಿಗೆ ಗೊತ್ತಿರಬೇಕು, ಮೊದಲು ಅವರನ್ನ ಕೇಳಸ್ರಿ ಅಂದ್ಲು.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ. ಡಬ್ಬಿ ನಿಮ್ಮನಿಗೇ ಬಂದು, ನನ್ನ ಹೆಸರು ಕಂಡು, ಯಾರಾರ ಅಟ್ಟದ ಮ್ಯಾಲೆ ಒಗದಿರಬಹುದಾ? ನಿನ್ನ ಯಜಮಾನರಿಗೆ ನನ್ನ ಮ್ಯಾಲೆ ಅಷ್ಟು ಸಿಟ್ಟು ಅದಕ್ಕ ಕೇಳ್ದೆ. ನಾನಾದ್ರೂ ಏನಂದಿದ್ದೆ? ಹೊಸ ಮನಿ ಒಳಗ ಹೋಗೋ ದಿನ ಗೇಟಿನ ಮ್ಯಾಲಿನ ಬೋರ್ಡು ನೋಡಿ, "ಮನಿಗಿಂತ ಬೋರ್ಡೇ ದೊಡ್ಡದೈತಿ, ಮೊದಲು ಅದಕ್ಕ ಪೂಜಿ ಮಾಡಿ ಒಳಗ ಕರಕೊಳ್ರಿ" ಅಂದೆ. ಅವರ ಆಫೀಸಿನೋರೆಲ್ಲ ನಕ್ಕರು. ಅಷ್ಟಕ್ಕ ಮೂರು ವರ್ಷ.

ಕೇಳಿ ಬರಿ.

ತಿಪ್ಪೇಶ


ನಾಗಲದಿನ್ನೆ
28 ಜುಲೈ 2024

ಅಣ್ಣನಿಗೆ ನಮಸ್ಕಾರ.

ಪೊಟ್ಟಣದ ಸುದ್ದಿ ಸಿಕ್ಕಿತು. ಪೊಟ್ಟಣ ಸಿಗಲಿಲ್ಲ.

ನೀನು ಬರೆದದ್ದನ್ನು ನಮ್ಮವರಿಗೆ ಓದಿ ಹೇಳಿದೆ. "ನಿಮ್ಮಣ್ಣನ ತುಪ್ಪದ ಡಬ್ಬಿ ಕದ್ದು ನಾನು ಸಾಹುಕಾರ ಆಗಬೇಕೇನು?" ಎಂದು ತಾಟು ಸರಿಸಿ ಎದ್ದರು. ಆದರೆ ಅವರಿಗೂ ಒಳಗೊಳಗೇ ಕುತೂಹಲ ಹುಟ್ಟಿತೆಂದು ಕಾಣುತ್ತದೆ. ಶನಿವಾರ ಆಫೀಸಿಗೆ ಹೊರಟವರು ಗೇಟಿನಲ್ಲೇ ನಿಂತರು, ಪೋಸ್ಟ್‌ಮ್ಯಾನ್ ಬರುವ ಹೊತ್ತು ನೋಡಿಕೊಂಡು.

ನಮ್ಮೂರಿಗೆ ಈಗ ಬರುವವರು ಮಾರೆಣ್ಣ ಅಂತ. ಪೆದ್ದಕಡುಬೂರಿನ ಕಡೆಯವರು, ಈ ವರ್ಷವೇ ಹೊಸದಾಗಿ ಬಂದಿದ್ದಾರೆ. ಊರಿನವರ ಪರಿಚಯ ಇನ್ನೂ ಅಷ್ಟಾಗಿ ಇಲ್ಲ. ಅವರು ಬೈಕು ನಿಲ್ಲಿಸುವ ಮೊದಲೇ ನಮ್ಮವರು ಶುರುಮಾಡಿದರು.

"ನಮ್ಮ ರಿಜಿಸ್ಟರ್ ಪೋಸ್ಟು ಎಲ್ಲಿ ಇಟ್ಟೀಯಪಾ?"

"ಯಾವುದು ಸಾರ್?"

"ಬೆಳ್ಳಿದು. ಆದೋನಿಯಿಂದ ಬಂದಿದ್ದು."

"ಬೆಳ್ಳಿ ಬಂಗಾರ ನನಗೇನು ಗೊತ್ತು ಸಾರ್? ನಾನು ಮ್ಯಾಲಿನ ವಿಳಾಸ ಓದೋನು, ಒಳಗ ಇಣುಕೋನಲ್ಲ."

ಎದುರು ಮನೆಯ ಉಚ್ಚಮ್ಮ ಬಾಗಿಲಿಗೆ ಬಂದರು. ಅವರಿಗೆ ಇಂಥದ್ದು ಇದ್ದರೆ ಊಟ ಬೇಡ. "ಬಂದು ವರ್ಷ ಆಗಿಲ್ಲ, ಆಗಲೇ ಹೊಸಾ ಬೈಕು ತಗೊಂಡಾನ ನೋಡ್ರಿ" ಎಂದರು.

"ಹಳೇದೇ ಅಮ್ಮಾ, ಬಣ್ಣ ಹಚ್ಚಿಸೀನಿ. ಬೇಕಾದ್ರ ಒದ್ದು ನೋಡ್ರಿ, ಒಂದೊದಿಗೆ ಚಾಲೂ ಆಗಂಗಿಲ್ಲ."

ಜನ ಸೇರಿದರು. ನಮ್ಮವರು ಮೇಲಿನವರಿಗೆ ದೂರು ಕೊಡುತ್ತೇನೆ ಎಂದರು. ಮಾರೆಣ್ಣನ ಮುಖ ಕಪ್ಪಿಟ್ಟಿತು. ನಾನು ನಡುವೆ ಹೋಗಿ, ಬಿಳಿ ಬಟ್ಟೆ ಹೊಲಿದ ಡಬ್ಬಿ, ಯುಗಾದಿ ಆದಮೇಲೆ ಬಂದಿರಬೇಕು ಎಂದೆ. ಅವರು ಹಣೆ ಮುಟ್ಟಿಕೊಂಡರು.

"ಕೂಸಿನಂಗ ಹೊಲಿದಿದ್ದ ಡಬ್ಬಿನಾ? ಬಂದಿತ್ತಲ್ಲಮ್ಮಾ! ಇದೇ ಬಾಗಿಲಿಗೆ ತಂದಿದ್ದೆ. ಹೆಸರು ಹಿಡಿದು ಕೂಗಿದೆ. ಆಮ್ಯಾಲೆ ವಾಪಸು ಕಳಿಸಿದೆ."

"ವಾಪಸು ಕಳಿಸು ಅಂತ ಯಾರು ಹೇಳಿದ್ರು?" ಎಂದು ನಮ್ಮವರು ಗುಡುಗಿದರು.

"ಯಾರೂ ಹೇಳಲಿಲ್ಲ ಸಾರ್. ತೋರಿಸಿದ್ರು."

ಹೊರಗಿನಿಂದಲೇ ಕೈ ಚಾಚಿ ಪಡಸಾಲೆಯ ಗೋಡೆಯ ಕಡೆ ತೋರಿಸಿದರು. ಅಲ್ಲಿ ಮಾವನವರ ಫೋಟೋ ಇದೆ, ಮಾಲೆ ಹಾಕಿದ್ದು.

"ಸತ್ತೋರಿಗೆ ಪೋಸ್ಟು ಹೆಂಗ ಕೊಡಲಿ? ಏಂ ಚೇಸ್ತಾಂ, ಏನು ಮಾಡಾಕಾಗತೈತಿ ಸಾರ್. ಈ ಹೆಸರಿನೋರು ತೀರಿಕೊಂಡಾರ ಅಂತ ಬರದು ಹಿಂದಕ್ಕ ಕಳಿಸಿದೆ."

"ಯಾರಪಾ ತೋರಿಸಿದ್ದು?"

ಮಾರೆಣ್ಣ ಬೈಕಿನ ಮೇಲಿನ ಚೀಲ ಸರಿಪಡಿಸತೊಡಗಿದರು. ಆಗ ಒಳಗಿನಿಂದ ಅತ್ತೆ ಬಂದರು. "ಆತನ್ನ ಬೈಬ್ಯಾಡ ವಾಗೀಶ. ನಾನೇ ತೋರಿಸಿದ್ದು" ಎಂದು ಹೇಳಿ ಮತ್ತೆ ಒಳಗೆ ಹೋದರು.

ಅಣ್ಣಾ, ನೀನು ತಮಾಷೆಗೆಂದು ಬರೆದ ಹೆಸರು ಈ ಮನೆಯಲ್ಲಿ ಹೇಗಿದೆ ಎಂದು ನಿನಗೆ ಗೊತ್ತಿಲ್ಲ. ಮರಿಸಾಮಿಗೆ ನಾಮಕರಣದಲ್ಲಿ ಮಾವನವರ ಹೆಸರನ್ನೇ ಇಟ್ಟರು. ಅತ್ತೆಗೆ ಅದು ಗಂಡನ ಹೆಸರು, ನನಗೆ ಮಾವನವರ ಹೆಸರು. ಇಬ್ಬರೂ ಬಾಯಲ್ಲಿ ತರುವ ಹಾಗಿಲ್ಲ. ಅದಕ್ಕೇ ಮರಿಸಾಮಿ ಎಂದಾಯಿತು. ಆ ಹೆಸರು ಇರುವುದು ಶಾಲೆಯ ಹಾಜರಿಯಲ್ಲಿ ಮಾತ್ರ. ಆ ದಿನ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಅವನೂ ಶಾಲೆಯಲ್ಲಿದ್ದ. ಅತ್ತೆ ಒಬ್ಬರೇ ಇದ್ದರು. "ಶ್ರೀಮಾನ್" ಎಂದು ಹಿಡಿದು, "ಅಯ್ಯನವರು" ಎಂದು ಮುಗಿಸಿ ಕೂಗಿದರೆ ಯಾರ ನೆನಪಾಗಬೇಕು ಹೇಳು.

ನೀನು ಕಳಿಸಿದ್ದು ನಿಜವೆಂದು ಈಗ ಈ ಓಣಿಗೆಲ್ಲ ಗೊತ್ತಾಯಿತು. ನಾನು ಬರೆದ ಮಾತಿಗೆ ತಪ್ಪಾಯಿತು ಎನ್ನುತ್ತೇನೆ. ಆದರೆ ಒಂದು ತಿಳಿಯುತ್ತಿಲ್ಲ. ಹಿಂದಕ್ಕೆ ಕಳಿಸಿದ್ದು ನಿನಗೇಕೆ ಮುಟ್ಟಲಿಲ್ಲ?

ಗಂಗೋತ್ರಿ


ಆದೋನಿ
6 ಆಗಸ್ಟ್ 2024

ತಂಗೀ,

ಮೊದಲು ಅಳಿಯನ ದೃಷ್ಟಿ ತೆಗಿ. ಉಪ್ಪು, ಮೆಣಸಿನಕಾಯಿ, ಏನು ಸಿಕ್ಕತೈತೋ ಎಲ್ಲಾ ಇಳಿಸು. ಗಟ್ಟಿಮುಟ್ಟಾಗಿ ಓಡಾಡೋ ಹುಡುಗನ್ನ ನಾನು ಒಂದು ವಿಳಾಸ ಬರದು ಸಾಯಿಸೀನಿ. ಯಾವ ಮಾವನೂ ಇಂಥಾ ಕೆಲಸ ಮಾಡಿರಂಗಿಲ್ಲ.

ನಿನ್ನ ಕಾಗದ ಜಂಬಪ್ಪನ ಅಂಗಡ್ಯಾಗ ಓದಿದೆ. ನಾನು ನಕ್ಕೆ, ಜಂಬಪ್ಪ ನಕ್ಕ, ಗಿರಾಕಿಗಳು ಏನಂತ ಗೊತ್ತಿಲ್ಲದೇ ನಕ್ಕರು. ಮನಿಗೆ ತಂದು ನಿಮ್ಮತ್ತಿಗಿಗೆ ಓದಿ ಹೇಳಿದೆ. ಆಕಿ ನಗಲಿಲ್ಲ. "ಆ ಅಮ್ಮಗ ಎಷ್ಟು ಎದಿ ಹೊಡಕೊಂಡಿರಬೇಕು" ಅಂದ್ಲು. ಆಮ್ಯಾಲೆ ನನಗೂ ನಗು ಬರಲಿಲ್ಲ.

ಹಿಂದಕ್ಕ ಬಂದಿದ್ದು ಎಲ್ಲಿ ಹೋತು ಅಂದ್ಯಲ್ಲ, ನನಗೂ ಅದೇ ಹುಳ ಹೊಕ್ಕಿತು. ಮಿಲ್ಲಿಗೆ ಹೋದೆ. ಗೇಟು ಬಂದ್, ಒಳಗ ವಾಚ್‌ಮನ್ ಭೀಮಲಿಂಗಪ್ಪ ಒಬ್ಬನೇ. ಇಪ್ಪತ್ತು ವರ್ಷದಿಂದ ಅವ ಗೇಟು ತೆಗೆದಾನ, ನಾನು ಒಳಗ ಹೋಗೀನಿ.

"ಭೀಮಲಿಂಗಪ್ಪಾ, ಬ್ಯಾಸಿಗಿಯಾಗ ಬಿಳಿ ಬಟ್ಟಿ ಹೊಲಿದಿದ್ದ ಡಬ್ಬಿ ಬಂದಿತ್ತೇನೋ?"

"ಬಂದಿತ್ತು ಸಾಮೀ. ಯಾವನೋ ತಿಪ್ಪೇಶ ಅನ್ನೋನಿಗೆ. ಅಂಥೋರು ಇಲ್ಲಿ ಯಾರೂ ಇಲ್ಲ ಅಂತ ಹೇಳಿ ಕಳಿಸಿಬಿಟ್ಟೆ."

"ಲೇ, ತಿಪ್ಪೇಶ ನಾನೇನೋ!"

ಅವ ನನ್ನನ್ನ ಕಾಲಿನಿಂದ ತಲಿತನಕ ನೋಡಿದ. "ನೀವು ಸಾಮಿ ಅಲ್ಲೇನ್ರಿ?"

"ಸಾಮಿ ಅಂದ್ರ ನನ್ನ ಹೆಸರೇನೋ? ಜಂಗಮರಿಗೆಲ್ಲ ಹಂಗೇ ಅಂತಾರ."

"ಇಷ್ಟು ವರ್ಷ ನೀವು ಹೇಳ್ಲೇ ಇಲ್ಲಲ್ಲರಿ."

"ನೀನು ಕೇಳ್ಲೇ ಇಲ್ಲಲ್ಲ."

"ನೀವು ಮಾತು ಶುರು ಹಚ್ಚಿದ್ರ ನಡುವ ಕೇಳಾಕ ಸಂದು ಎಲ್ಲಿ ಇರತೈತ್ರಿ?"

ಈ ಸಲ ಭೀಮಲಿಂಗಪ್ಪನೇ ಗೆದ್ದ. ಬರಕೋ, ಇಂಥಾದ್ದು ಭಾಳ ಕಡಿಮಿ ಆಗತೈತಿ. ನೋಡು ತಂಗಿ, ಅಳಿಯನ ಹೆಸರು ಮನ್ಯಾಗ ಯಾರೂ ಅನ್ನಂಗಿಲ್ಲ, ಸೋದರಮಾವನ ಹೆಸರು ಮಿಲ್ಲಿನಾಗ ಯಾರಿಗೂ ಗೊತ್ತಿಲ್ಲ. ಡಬ್ಬಿ ಪಾಪ ಎರಡೂ ಬಾಗಿಲಿಗೆ ಹೋಗಿ, ಎರಡೂ ಕಡೆ ಅಂಥೋರಿಲ್ಲ ಅನ್ನಿಸಿಕೊಂಡು ಹೋಗೈತಿ. ಕದ್ದೋರು ಯಾರೂ ಇಲ್ಲ. ಮಾರೆಣ್ಣನ ಹತ್ರ ನನ್ನ ಪರವಾಗಿ ತಪ್ಪಾತು ಅನ್ನು. ಆದೋನಿಗೆ ಬಂದಾಗ ಒಂದು ತಾಟು ಉಗ್ಗಾನಿ, ಎರಡು ಮಿರ್ಚಿ ನನ್ನ ಲೆಕ್ಕದಾಗ.

ಹೇಮಾವತಿ ಮೇಡಂ ಹುಡುಕಿ ಕೊಟ್ಟಾಳ. ಮಾಲಕರು ಸಿಗದ ಟಪಾಲೆಲ್ಲ ಕುಂತಿರೋ ಒಂದು ಆಫೀಸು ಐತಂತ, ಅಲ್ಲಿ ಐತಂತ ನಮ್ಮ ಕೂಸು. ಬಿಡಿಸಿಕೊಂಡು ಬರಾಕ ಎರಡು ಕೆಲಸ. ಸಾಮಿಯೇ ತಿಪ್ಪೇಶ ಅಂತ ಮಿಲ್ಲಿನೋರು ಬರದು ಕೊಡಬೇಕು, ಅದು ನಾನು ನೋಡಿಕೊಂತೀನಿ. ಸತ್ತಾರ ಅಂತ ಬರದ ಗುರುಪಾದಯ್ಯ ಬದುಕ್ಯಾನ ಅಂತ ನಿಮ್ಮ ಕಡೆಯಿಂದ ಆಗಬೇಕು, ಅದಕ್ಕ ಅವರ ಸಾಹೇಬರು ನಿಮ್ಮೂರಿಗೆ ಬರ್ತಾರಂತ. ಅದೇನು ದೊಡ್ಡದು? ಹುಡುಗನ್ನ ಮುಂದ ನಿಲ್ಲಿಸಿ ಒಂದು ಸಲ ಕೆಮ್ಮಿಸಿದ್ರ ಆತು.

ತಿಪ್ಪೇಶ
(ಸಾಮಿ ಅಂದ್ರೂ ನಾನೇ)


ನಾಗಲದಿನ್ನೆ
19 ಸೆಪ್ಟೆಂಬರ್ 2024

ಅಣ್ಣನಿಗೆ ನಮಸ್ಕಾರ.

ಕೆಮ್ಮಿಸಿದರೆ ಆಗುವ ಕೆಲಸವಾಗಿರಲಿಲ್ಲ.

ಸಾಹೇಬರು ಮೊನ್ನೆ ಮಾರೆಣ್ಣನ ಜೊತೆ ಬಂದಿದ್ದರು. ಒಳ್ಳೆಯವರೇ, ಚಹಾ ಕುಡಿದರು, ಮರಿಸಾಮಿಯ ಆಧಾರ್ ನೋಡಿದರು, ಶಾಲೆಯ ಸರ್ಟಿಫಿಕೇಟ್ ನೋಡಿದರು. ಆಮೇಲೆ, "ತೀರಿಕೊಂಡಾರ ಅಂತ ಅವತ್ತು ಯಾರು ತಿಳಿಸಿದ್ರೋ ಅವರೇ ಈಗ ತಿದ್ದಿ ಹೇಳಬೇಕಮ್ಮಾ. ಇಲ್ಲಾಂದ್ರ ಮಾರೆಣ್ಣ ಸುಳ್ಳು ಬರದಾನ ಅಂತ ಆಗತೈತಿ" ಎಂದರು. ನಾನು ಹೇಳುತ್ತೇನೆ ಎಂದೆ. "ನೀವು ಅವತ್ತು ಮನ್ಯಾಗ ಇರಲಿಲ್ಲ" ಎಂದರು. ಅವರು ಒಪ್ಪಿದ್ದರೂ ಆ ಹೆಸರು ನನ್ನ ಬಾಯಿಗೆ ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಅತ್ತೆಯನ್ನು ಕರೆದು ಕೂರಿಸಿದೆವು. ಸಾಹೇಬರು ಕೇಳಿದರು: "ಈ ಹುಡುಗ ಯಾರಮ್ಮಾ?"

"ನನ್ನ ಮೊಮ್ಮಗ."

"ಹೆಸರೇನು?"

"ಮರಿಸಾಮಿ."

"ಅದಲ್ಲಮ್ಮಾ, ಕಾಗದದಾಗ ಇರೋ ಹೆಸರು."

ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು. ನಮ್ಮವರು, "ಅವ್ವಾ, ಒಂದೇ ಮಾತು. ಅಂದು ಎದ್ದು ಹೋಗು" ಎಂದರು. ಮಾರೆಣ್ಣ, "ಅಮ್ಮಾ, ನನ್ನ ನೌಕರಿ ಸಲುವಾಗಿ" ಎಂದು ಕೈ ಮುಗಿದರು. "ಕೂಸಿನ ಹೆಸರಲ್ಲೇನಬೇ, ನಿನ್ನ ಗಂಡನ್ನೇನು ಕರಿ ಅಂದಾರೇನು?" ಎಂದು ಉಚ್ಚಮ್ಮ ಕಿಟಕಿಯಿಂದ ಕೂಗಿದರು. ಅದೊಂದು ಮಾತು ಆಡಬಾರದಿತ್ತು. ಅತ್ತೆ ಎದ್ದು ಒಳಗೆ ಹೋದವರು ಸಂಜೆಯವರೆಗೆ ಹೊರಗೆ ಬರಲಿಲ್ಲ. ಸಾಹೇಬರು ಮುಂದಿನ ತಿಂಗಳು ಇನ್ನೊಮ್ಮೆ ಬರುತ್ತಾರಂತೆ. ಆಗಲೂ ಆಗದಿದ್ದರೆ ಪೊಟ್ಟಣ ಅಲ್ಲೇ ಉಳಿಯುತ್ತದೆ, ಮಾರೆಣ್ಣನ ಮೇಲೆ ವಿಚಾರಣೆ ಆಗುತ್ತದೆ.

ಆ ರಾತ್ರಿ ನಮ್ಮವರು ತಾವಾಗಿಯೇ ನಿನ್ನ ಮಾತೆತ್ತಿದರು. ಬೈಯಲಿಕ್ಕಲ್ಲ. "ಆ ಬೋರ್ಡಿನ ಮ್ಯಾಲೆ ಏನು ಬರದಿತ್ತು ಅಂತ ನಿಮ್ಮಣ್ಣಗ ಗೊತ್ತೇನು?" ಎಂದು ಕೇಳಿದರು. ನಿನಗೆ ಗೊತ್ತಿಲ್ಲ ಎಂದೆ. ಅದು ಅವರಪ್ಪನ ಹೆಸರು, ಅಣ್ಣಾ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುವಂತಿಲ್ಲ, ಬೀದಿಯಲ್ಲಿ ಹೋಗುವವರಾದರೂ ಓದಲಿ ಎಂದು ಅಷ್ಟು ದೊಡ್ಡದಾಗಿ ಬರೆಸಿದ್ದರಂತೆ. ನೀನು ಬೋರ್ಡಿನ ಅಳತೆ ನೋಡಿದೆ. ಹೆಸರು ಓದಲಿಲ್ಲ.

ಗಂಗೋತ್ರಿ


ಆದೋನಿ
30 ಸೆಪ್ಟೆಂಬರ್ 2024

ತಂಗೀ,

ನಿನ್ನ ಕಾಗದ ಬಂದು ನಾಲ್ಕು ದಿನ ಆತು. ಉತ್ತರ ಬರಿಯಾಕ ಕುಂತ್ರ ಬರೀ ತಮಾಷಿನೇ ಬರ್ತಿದ್ವು, ಹರಿದು ಒಗದೆ. ಇದರಾಗ ತಮಾಷಿ ಇಲ್ಲ. ಇದ್ರೂ ತಾನಾಗೇ ಬಂದಿರತೈತಿ, ಹಿಡೀಬ್ಯಾಡ.

ಬೋರ್ಡಿನ ಮಾತು ನಿನ್ನ ಯಜಮಾನರಿಗೆ ನಾನೇ ಮುಖ ನೋಡಿ ಹೇಳಬೇಕು, ಕಾಗದದಾಗ ಹೇಳಿದ್ರ ಸಾಲಂಗಿಲ್ಲ. ಹೊಸಲಿನ ಹೊರಗ ನಿಂತೇ ಹೇಳ್ತೀನಿ, ಒಳಗ ಬರಂಗಿಲ್ಲ.

ಈಗ ಮುಖ್ಯದ್ದು ಕೇಳು. ಆ ಅಮ್ಮಗ ಬಲವಂತ ಮಾಡಬ್ಯಾಡ್ರಿ. ಸಾಹೇಬರು ಬಂದ್ರ ನನ್ನ ಮ್ಯಾಲೆ ಹಾಕ್ರಿ. ತಪ್ಪು ವಿಳಾಸ ಬರದಾವ ತಿಪ್ಪೇಶ, ಬ್ಯಾರೇ ಯಾರೂ ಅಲ್ಲ ಅಂತ ಹೇಳ್ರಿ. ನಾನೂ ಹೇಮಾವತಿ ಮೇಡಂ ಹತ್ರ ಹಂಗೇ ಬರದು ಕೊಟ್ಟು ಬಂದೀನಿ. ಮಾರೆಣ್ಣನ ತಪ್ಪಿಲ್ಲ ಅಂತಲೂ ಬರದೀನಿ. ಓದಿ ಆಕಿ ನಗಲಿಲ್ಲ. ನನ್ನ ಜನ್ಮದಾಗ ಮೊದಲನೇ ಸಲ ಒಬ್ಬರು ನನ್ನ ಮಾತು ಓದಿ ನಗಲಿಲ್ಲ.

ಕರಡಿಗಿ ಬರಲಿಲ್ಲ ಅಂದ್ರ ಬರಲಿಲ್ಲ. ಬೆಳ್ಳಿ ಅದು. ಎಮ್ಮಿಗನೂರಾಗ ಸಿಕ್ಕತೈತಿ. ಅಪ್ಪನ ಕೊರಳಾಗ ಇದ್ದಿದ್ದು ಅಂತ ನನಗೂ ಸಂಕಟ ಆಗತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮವ್ವನೂ ಸಾಯೋತನಕ ಅಪ್ಪನ್ನ "ಇಲ್ಲಿ ಕೇಳ್ರಿ" ಅಂತ ಬಿಟ್ಟು ಇನ್ನೇನೂ ಕರೀಲಿಲ್ಲ. ಅಪ್ಪಗ ಅದೇ ಹೆಸರಾಗಿತ್ತು. ಒಬ್ಬಾಕಿ ಜನ್ಮ ಪೂರ್ತಿ ಬಾಯಾಗ ಇಟ್ಟುಕೊಂಡಿದ್ದನ್ನ ಒಂದು ಡಬ್ಬಿ ಸಲುವಾಗಿ ಉಗುಳು ಅನ್ನಾಕ ನಾವ್ಯಾರು?

ತವರಿನ ಮಾತು ಎತ್ತಬಾರದು ಅಂದ್ರ ಎತ್ತಬ್ಯಾಡ ತಂಗಿ. ನೀನು ಸುಖವಾಗಿರು. ನನಗ ಆ ಬಿಜೀ ಹೆಣ್ಣುಮಗಳು ಅದಾಳ.

ಈ ಕಾಗದ ನಿಮ್ಮ ಅತ್ತಿಯೋರಿಗೆ ಓದಿ ಹೇಳು.

ತಿಪ್ಪೇಶ


ನಾಗಲದಿನ್ನೆ
14 ನವೆಂಬರ್ 2024

ತಿಪ್ಪೇಶಪ್ಪಗ ಮಹಾಂತಮ್ಮ ಹೇಳಿ ಬರೆಸೋದು. ಬರಿಯಾಕಿ ನಿನ್ನ ತಂಗಿ. ನಾನು ಹೇಳಿದಂಗೇ ಬರಿ ಅಂತ ಹೇಳೀನಿ, ಸಾಲಿ ಕನ್ನಡ ಮಾಡಬ್ಯಾಡ ಅಂದೀನಿ.

ನಿನ್ನ ಡಬ್ಬಿ ನಿನ್ನೆ ಬಂತು. ಬಟ್ಟಿ ಒಂದು ಕಡೆ ಬಿಚ್ಚಿ ಮತ್ತ ಹೊಲಿದಾರ, ಒಳಗ ಕರಡಿಗಿ ಹಂಗೇ ಐತಿ. ಹತ್ತಿ ಅಷ್ಟ್ಯಾಕ ತುರುಕಿದ್ದೆಪಾ, ದಿಂಬು ಹೊಲೀಬಹುದು. ದೇವರ ಮುಂದ ಇಟ್ಟೀವಿ. ಮಾರೆಣ್ಣನೇ ತಂದ. ಆತಗ ಊಟ ಹಾಕಿ ಕಳಿಸಿದೆ.

ಕಾರ್ತಿಕದ ಕಡೇ ಸೋಮವಾರ ನೀನು, ನಿನ್ನ ಹೆಂಡತಿ ಬರಬೇಕು. ಸೋದರಮಾವ ಇಲ್ಲದೇ ನಮ್ಮನ್ಯಾಗ ಅಯ್ಯಾಚಾರ ಆಗಂಗಿಲ್ಲ. ಹೊಸಲು ತುಳಿಬ್ಯಾಡ ಅಂದಾವ ನನ್ನ ಮಗ, ನಾನಲ್ಲ. ನಾನು ಬದುಕಿರೋತನಕ ಹೊಸಲು ನಂದು. ಅವನೇ ಬಸ್‌ಸ್ಟ್ಯಾಂಡಿಗೆ ಬಂದು ಕರಕೊಂಡು ಬರ್ತಾನ, ಇಲ್ಲೇ ಪಕ್ಕದಾಗ ನಿಂತು ತಲಿ ಆಡಿಸ್ತಾನ.

ನಿನ್ನ ಕಾಗದ ನನಗ ಓದಿ ಹೇಳಿದ್ಲು. ಬಲವಂತ ಮಾಡಬ್ಯಾಡ್ರಿ ಅಂತ ಬರದೀಯಲ್ಲ, ಈ ಮನ್ಯಾಗ ಹಂಗ ಅಂದಾವ ನೀನೊಬ್ಬನೇ. ಅದಕ್ಕ ನಿನಗ ಒಂದು ಹೇಳಬೇಕು.

ಯುಗಾದಿ ಆದಮ್ಯಾಲೆ ಆತ ಬಾಗಿಲಾಗ ನಿಂತು ಕೂಗಿದ ನೋಡು, ಆಗ ನಾನು ರೊಟ್ಟಿ ಬಡೀತಿದ್ದೆ. ಒಂಬತ್ತು ವರ್ಷ ಆಗಿತ್ತು, ನಮ್ಮ ಬಾಗಿಲಿಗೆ ಬಂದು ಆ ಹೆಸರು ಕೂಗಿದೋರು ಯಾರೂ ಇರಲಿಲ್ಲ. ಅವರೇ ಊರಿಂದ ಬಂದಾರೇನು ಅಂತ ಎದ್ದುಬಿಟ್ಟೆ. ಹಂಚಿನ ಮ್ಯಾಲೆ ರೊಟ್ಟಿ ಸುಟ್ಟು ಹೋತು. ಆಮ್ಯಾಲೆ ಫೋಟೋ ತೋರಿಸಿದೆ. ಆತ ಹೋದ. ಯಾರಿಗೂ ಹೇಳಲಿಲ್ಲ ನಾನು. ಹೇಳಿದ್ರ, ಯಾರನ್ನ ಕೂಗಿದ್ರು ಅಂತ ಕೇಳ್ತಾರ. ಏನಂತ ಹೇಳಲಿ? ಒಂದು ದಿನ ಪೂರ್ತಿ ಆ ಕೂಗು ಕಿವಿಯಾಗ ಇಟ್ಟುಕೊಂಡು ಕುಂತಿದ್ದೆ.

ಮದುವಿ ದಿನ ಒಡಪು ಹಾಕಿ ಗಂಡನ ಹೆಸರು ಹೇಳು ಅಂತ ಎಲ್ಲರೂ ಗಂಟು ಬಿದ್ದಿದ್ರು. ಸೆರಗು ಬಾಯಿಗೆ ಇಟ್ಟುಕೊಂಡು ಓಡಿಹೋದಾಕಿ ನಾನು. ಆಮ್ಯಾಲೆ ಅವರೂ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆನೋ ಏನೋ.

ಮತ್ತ ಸಾಹೇಬರು ಬರ್ತಾರ ಅಂದಾಗ, ಹೇಳ್ತೀನಿ ಅಂತ ಮನಸ್ಸಿನಾಗ ಗಟ್ಟಿ ಮಾಡಿಕೊಂಡೆ, ಅವರು ಬಂದ ದಿನ ಹೇಳಿದೆ. ಆ ಮಾರೆಣ್ಣನ ಹೆಂಡತಿ ಮಕ್ಕಳು ಏನು ಮಾಡ್ಯಾರು. ಆದ್ರ ಸಾಹೇಬರ ಮುಂದ ನಾಲಿಗಿ ತೊದಲಬಾರದು ಅಂತ, ಹಿಂದಿನ ದಿನ ಹಿತ್ತಲಕ್ಕ ಹೋದೆ. ಬೇವಿನ ಗಿಡದ ಕೆಳಗ ಒಬ್ಬಾಕಿನೇ ನಿಂತೆ. ಯಾರೂ ಇರಲಿಲ್ಲ. ಒಂದು ಸಲ ಅಂದೆ. ದನಿ ಹೊರಗ ಬರಲಿಲ್ಲ. ಇನ್ನೊಂದು ಸಲ ಅಂದೆ, ಗಟ್ಯಾಗಿ, ಮನಿ ಒಳಗ ಇದ್ದೋರನ್ನ ಕರದಂಗ.

ಬರಿಯವ್ವಾ, ಹೆದರಬ್ಯಾಡ. ನಾನು ಅನ್ನಾಕ ಹತ್ತೀನಿ, ನೀನು ಬರಿ. ಗುರುಪಾದಯ್ಯ ಅಂತ ಕರದೆ.

ಅವರು ಬರಲಿಲ್ಲ. ಹುಡುಗ ಓಡಿ ಬಂದ. "ಏನಜ್ಜಿ, ಕರದೇನು?" ಅಂದ.

ಮಹಾಂತಮ್ಮ